ಅಪ್ಪನ ಬ್ಲೂ ದ್ರಾಕ್ಷಿ ಕಿತ್ತು ವೈನ್ ದ್ರಾಕ್ಷಿ ಹಾಕಬಹುದಾ?

ಓದುಗರ ಪ್ರಶ್ನೆ: ನಾನು ಯಲಹಂಕದಲ್ಲಿದ್ದೇನೆ, ಸಾಫ್ಟ್‌ವೇರ್ ಕೆಲಸ. ದೊಡ್ಡಬಳ್ಳಾಪುರದ ಹತ್ತಿರ ಅಪ್ಪನದು ಮೂರು ಎಕರೆ ಬೆಂಗಳೂರು ಬ್ಲೂ ದ್ರಾಕ್ಷಿ ಇದೆ. ಒಂದು ವರ್ಷ ರೇಟು ಸಿಕ್ಕರೆ ಇನ್ನೊಂದು ವರ್ಷ ಕೂಲಿಯೂ ಹುಟ್ಟುವುದಿಲ್ಲ. ನಂದಿ ಬೆಟ್ಟದ ಸುತ್ತ ಇಷ್ಟೊಂದು ವೈನರಿ ಬಂದಿವೆಯಲ್ಲ, ಇದನ್ನೆಲ್ಲ ಕಿತ್ತು ವೈನ್ ದ್ರಾಕ್ಷಿ ಹಾಕೋಣ ಅಂತ ನಾನು, ಬೇಡ ಅಂತ ಅಪ್ಪ. ನಮ್ಮ ಕಡೆ ಈ ವೈನ್ ಹೇಗೆ ಬೆಳೆಯಿತು, ಯಾರು ಶುರು ಮಾಡಿದ್ದು? ನಮ್ಮ ಬ್ಲೂ ದ್ರಾಕ್ಷಿಯಿಂದಲೇ ಯಾಕೆ ಒಳ್ಳೆ ವೈನ್ ಮಾಡುವುದಿಲ್ಲ?

ಉತ್ತರ: ಕೀಳಬೇಡಿ. ಈ ವರ್ಷವಂತೂ ಕೀಳಲೇಬೇಡಿ. ಅಪ್ಪ ಹೇಳುವುದರಲ್ಲಿ ಅರ್ಧ ಸರಿ ಇದೆ, ನೀವು ಹೇಳುವುದರಲ್ಲೂ ಅರ್ಧ ಸರಿ ಇದೆ, ಆದರೆ ಒಮ್ಮೆ ಬುಡ ಕಿತ್ತರೆ ಮತ್ತೆ ಆ ದಪ್ಪಕ್ಕೆ ಬರಲು ಎಷ್ಟು ವರ್ಷ ಬೇಕು ಅಂತ ಅಪ್ಪನನ್ನೇ ಕೇಳಿ ನೋಡಿ. ಮಿಕ್ಕಿದ್ದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಿಮ್ಮ ಮೂರೂ ಪ್ರಶ್ನೆಗಳು ಕೊನೆಗೆ ಒಂದೇ ಕಡೆ ಹೋಗಿ ಸೇರುತ್ತವೆ: ತಿನ್ನುವ ದ್ರಾಕ್ಷಿ ಒಂದು ಬೆಳೆ, ವೈನ್ ದ್ರಾಕ್ಷಿ ಇನ್ನೊಂದು ಬೆಳೆ. ದೂರದಿಂದ ನೋಡಿದರೆ ಎರಡೂ ದ್ರಾಕ್ಷಿ ಬಳ್ಳಿಯೇ, ಆದರೆ ಬೆಳೆಸುವವನ ಮನಸ್ಸು ಪೂರ್ತಿ ಉಲ್ಟಾ ಆಗಬೇಕು. ನಮ್ಮ ನಂದಿ ಕಡೆ ವೈನ್ ಬೆಳೆದ ಕತೆ ಅಂದರೆ ಆ ಉಲ್ಟಾ ಮನಸ್ಸನ್ನು ಕಲಿತ ಕತೆ.

ಮೊದಲು ನಿಮ್ಮ ಬ್ಲೂ ವಿಷಯ. ಒಂದು ಹಣ್ಣು ತೆಗೆದುಕೊಂಡು ಎರಡು ಬೆರಳ ನಡುವೆ ಒತ್ತಿ. ತಿರುಳು ಪುಳಕ್ ಅಂತ ಜಾರಿ ಬಾಯಿಗೆ ಬೀಳುತ್ತದೆ, ತೊಗಲು ಬೆರಳಲ್ಲೇ ಉಳಿಯುತ್ತದೆ. ಹಾಗೆ ತೊಗಲು ಜಾರುವುದು ಅಮೆರಿಕ ಮೂಲದ ಲ್ಯಾಬ್ರುಸ್ಕಾ ಜಾತಿಯ ಗುರುತು. ಯೂರೋಪಿನ ವೈನ್ ದ್ರಾಕ್ಷಿಗಳೆಲ್ಲ ವಿನಿಫೆರಾ ಅನ್ನುವ ಬೇರೆ ಜಾತಿ. ಅವುಗಳ ತೊಗಲು ತಿರುಳಿಗೆ ಅಂಟಿಕೊಂಡಿರುತ್ತದೆ. ಬ್ಲೂಗೆ ಒಂದು ಗಾಢವಾದ ಪರಿಮಳ ಇದೆಯಲ್ಲ, ಚಪ್ಪರದ ಕೆಳಗೆ ಹೋದರೇ ಮೂಗಿಗೆ ಬಡಿಯುವಂಥದ್ದು, ಅದೂ ಆ ಜಾತಿಯದೇ ಬಳುವಳಿ. ಜ್ಯೂಸಿಗೆ, ಜಾಮಿಗೆ ಅದು ಸೊಗಸು. ವೈನ್ ಆದಾಗ ಮಾತ್ರ ಆ ಒಂದು ವಾಸನೆ ಬೇರೆ ಎಲ್ಲವನ್ನೂ ನುಂಗಿಬಿಡುತ್ತದೆ.

ಇನ್ನೊಂದು ತೊಂದರೆ ಸಕ್ಕರೆಯದು. ರಸದಲ್ಲಿರುವ ಸಕ್ಕರೆಯನ್ನು ನಾವು ಬ್ರಿಕ್ಸ್ ಲೆಕ್ಕದಲ್ಲಿ ಅಳೆಯುತ್ತೇವೆ. ಈಸ್ಟ್ ಆ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ, ಬ್ರಿಕ್ಸ್‌ನಲ್ಲಿ ಹೆಚ್ಚುಕಮ್ಮಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಲ್ಕೋಹಾಲ್ ಆಗಿ ನಿಲ್ಲುತ್ತದೆ. 23 ಬ್ರಿಕ್ಸ್ ಇದ್ದರೆ ಸುಮಾರು ಶೇ 12.5ರಿಂದ 13. ಒಳ್ಳೆ ಕೆಂಪು ವೈನಿಗೆ ಅದು ಬೇಕು. ಚಪ್ಪರ ತುಂಬಾ ಗೊಂಚಲು ಬಿಟ್ಟ ಬ್ಲೂ ದ್ರಾಕ್ಷಿ ಸಾಮಾನ್ಯವಾಗಿ 16ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಹುಳಿಯೂ ಜಾಸ್ತಿ. ಹಾಗಾಗಿ ಸಕ್ಕರೆ ಸೇರಿಸಬೇಕು. ಸಿಹಿಯಾದ, ಗಟ್ಟಿಯಾದ ಪೋರ್ಟ್ ಥರದ ವೈನಿಗೆ ನಮ್ಮ ಬ್ಲೂ ಹೋಗುವುದು ಇದೇ ಕಾರಣಕ್ಕೆ.

ಹಾಗಂತ ಅದನ್ನು ಕೀಳಾಗಿ ನೋಡುವವರ ಮಾತು ಕೇಳಬೇಡಿ. ಬೆಂಗಳೂರಿನ ಸುತ್ತ ನೂರು ವರ್ಷಕ್ಕಿಂತ ಹಿಂದಿನಿಂದ ಇರುವ ಬೆಳೆ ಅದು. ಊರಿನ ಹೆಸರಲ್ಲೇ ಜಿಐ ಟ್ಯಾಗ್, ಅಂದರೆ ಈ ಸೀಮೆಯದೇ ಬೆಳೆ ಅನ್ನುವ ಅಧಿಕೃತ ಗುರುತು ಸಿಕ್ಕಿದೆ. ನಮ್ಮ ಹವೆಗೆ ಒಗ್ಗಿಕೊಂಡ, ಕೆಲವು ರೋಗಗಳನ್ನು ಗಟ್ಟಿಯಾಗಿ ತಡೆದುಕೊಳ್ಳುವ ದ್ರಾಕ್ಷಿ ಅದು. ಕ್ರಿಸ್‌ಮಸ್ ಹತ್ತಿರ ಬಂದಾಗ ಫ್ರೇಜರ್ ಟೌನ್, ಲಿಂಗರಾಜಪುರದ ಕಡೆ ಎಷ್ಟೋ ಮನೆಗಳಲ್ಲಿ ಭರಣಿಗೆ ಬೀಳುವುದು ಇದೇ ದ್ರಾಕ್ಷಿ. ಜೊತೆಗೆ ಸಕ್ಕರೆ, ಈಸ್ಟ್, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ. ಹಾಪ್‌ಕಾಮ್ಸ್‌ನವರ ದ್ರಾಕ್ಷಿ-ಕಲ್ಲಂಗಡಿ ಮೇಳದಲ್ಲಿ ವಯಸ್ಸಾದವರು ಬಂದು ಮೊದಲು ಕೇಳುವುದೂ ಬ್ಲೂ ಇದೆಯಾ ಅಂತಲೇ. ಬೆಂಗಳೂರಿಗರ ಬಾಯಿಗೆ ದ್ರಾಕ್ಷಿಯ ರುಚಿ ಅಂದರೆ ಇದೇ.

ಈಗ ಶುರು ಮಾಡಿದವರ ಕತೆ. ನಮ್ಮ ಭಾಗದಲ್ಲಿ ಮೊದಲ ಹೆಸರು ಕನ್ವಲ್ ಗ್ರೋವರ್. ಅವರು ರೈತರಲ್ಲ, ಯಂತ್ರೋಪಕರಣಗಳ ವ್ಯಾಪಾರದವರು. ಕೆಲಸದ ಮೇಲೆ ಫ್ರಾನ್ಸಿಗೆ ಹೋಗಿ ಬಂದು ವೈನಿನ ಹುಚ್ಚು ಹತ್ತಿಸಿಕೊಂಡರು. ನಮ್ಮ ದೇಶದಲ್ಲೂ ಫ್ರೆಂಚ್ ದ್ರಾಕ್ಷಿ ಬೆಳೆದು ನಿಜವಾದ ವೈನ್ ಮಾಡಬೇಕು ಅಂತ ಹಟ ಹಿಡಿದರು. ಜೊತೆಗೆ ಸಿಕ್ಕವರು ಜಾರ್ಜ್ ವೆಸೆಲ್, ಷಾಂಪೇನ್ ಪ್ರದೇಶದ ಬೂಜೀ ಅನ್ನುವ ಊರಿನ ದ್ರಾಕ್ಷಿ ತಜ್ಞ. ಇಬ್ಬರೂ ಸೇರಿ ವರ್ಷಗಟ್ಟಲೆ ಜಾಗ ಹುಡುಕಿ, ಮಣ್ಣು ನೋಡಿ, ಬೇರೆ ಬೇರೆ ತಳಿ ನೆಟ್ಟು ನೋಡಿ, ಕೊನೆಗೆ ನಿಂತಿದ್ದು ನಂದಿ ಬೆಟ್ಟದ ಬುಡದಲ್ಲಿ, ನಿಮ್ಮ ದೊಡ್ಡಬಳ್ಳಾಪುರದ ಮಗ್ಗುಲಲ್ಲೇ. ಕಂಪನಿ ಶುರುವಾಗಿದ್ದು 1988ರಲ್ಲಿ. ಮೊದಲ ವೈನ್ ಬಂದಿದ್ದು 1992ರಲ್ಲಿ. ಅದೇ ಹೊತ್ತಿಗೆ ಮಹಾರಾಷ್ಟ್ರದ ನಾರಾಯಣಗಾಂವ್‌ನಲ್ಲಿ ಶಾಮರಾವ್ ಚೌಗುಲೆ ಅವರು ಆಗಲೇ ಷಾಂಪೇನ್ ಥರ ನೊರೆಯುಕ್ಕುವ ವೈನ್ ಮಾಡಿ ಹೆಸರಾಗಿದ್ದರು. ನಾಸಿಕ್‌ನಲ್ಲಿ ರಾಜೀವ್ ಸಾಮಂತ್ ಅವರ ಸುಲಾ ಬಂದಿದ್ದು ಅದರ ನಂತರ, 1990ರ ದಶಕದ ಕೊನೆಯಲ್ಲಿ. ಅಂದರೆ ನಮ್ಮ ನಂದಿ ಸೀಮೆ ಈ ದೇಶದ ವೈನಿನಲ್ಲಿ ಹಿಂದೆ ಬಿದ್ದ ಊರಲ್ಲ, ಮುಂದಿದ್ದ ಊರು. ಇದು ನಮ್ಮವರಿಗೇ ಸರಿಯಾಗಿ ಗೊತ್ತಿಲ್ಲ ಅನ್ನುವುದು ನನಗೆ ಬೇಜಾರು.

ನಂದಿಯೇ ಯಾಕೆ? ದ್ರಾಕ್ಷಿ ವೈನಿನ ನಾಡುಗಳೆಲ್ಲ ಹೆಚ್ಚಾಗಿ ಭೂಮಧ್ಯರೇಖೆಯಿಂದ 30ರಿಂದ 50 ಡಿಗ್ರಿ ದೂರದಲ್ಲಿವೆ. ನಾವಿರುವುದು 13 ಡಿಗ್ರಿಯಲ್ಲಿ. ಪುಸ್ತಕದ ಲೆಕ್ಕದಲ್ಲಿ ಇಲ್ಲಿ ಒಳ್ಳೆ ವೈನ್ ಆಗಲೇಬಾರದು. ನಮ್ಮನ್ನು ಕಾಪಾಡುವುದು ಎತ್ತರ. ನಂದಿ ಬೆಟ್ಟದ ತುದಿ 1,478 ಮೀಟರ್, ಕೆಳಗಿನ ತೋಟಗಳು ಸುಮಾರು 900 ಮೀಟರ್ ಎತ್ತರದಲ್ಲಿವೆ. ಫೆಬ್ರವರಿಯಲ್ಲಿ ಹಗಲು ಬಿಸಿಲು ಸುಡುತ್ತಿದ್ದರೂ ರಾತ್ರಿ ಸ್ವೆಟರ್ ಬೇಕಾಗುತ್ತದೆ ಅಲ್ವಾ, ಆ ತಂಪೇ ದ್ರಾಕ್ಷಿಯ ಹುಳಿಯನ್ನು ಉಳಿಸುವುದು. ಹಗಲು ಸಕ್ಕರೆ ಕೂಡುತ್ತದೆ, ರಾತ್ರಿ ಹುಳಿ ಕರಗದೆ ನಿಲ್ಲುತ್ತದೆ. ಕೆಂಪು ಮಣ್ಣು, ಅದರ ಕೆಳಗೆ ಗರಸು, ನೀರು ನಿಲ್ಲದೆ ಬಸಿದು ಹೋಗುವ ಇಳಿಜಾರು. ಇಷ್ಟು ಇದ್ದರೆ ದ್ರಾಕ್ಷಿಗೆ ಸಾಕು. ಜಾಸ್ತಿ ಫಲವತ್ತಾದ ಮಣ್ಣು ಅದಕ್ಕೆ ಬೇಕಾಗಿಲ್ಲ.

ಆದರೆ ಎತ್ತರ ಒಂದರಿಂದಲೇ ಕೆಲಸ ಆಗಲಿಲ್ಲ. ನಿಜವಾದ ಪಾಠ ಕತ್ತರಿಯದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಎಲ್ಲ ಇದರ ಮೇಲೇ ನಿಂತಿದೆ.

ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ವಸಂತದಲ್ಲಿ ಎಲ್ಲ ಕಣ್ಣುಗಳೂ ಒಟ್ಟಿಗೆ ಚಿಗುರುತ್ತವೆ, ಒಟ್ಟಿಗೆ ಹೂ ಬಿಡುತ್ತವೆ, ಒಟ್ಟಿಗೆ ಹಣ್ಣಾಗುತ್ತವೆ. ಇಲ್ಲಿ ಆ ನಿದ್ದೆಯೇ ಇಲ್ಲ. ಸುಮ್ನೆ ಬಿಟ್ಟರೆ ಬಳ್ಳಿ ವರ್ಷವಿಡೀ ಹಸಿರಾಗಿಯೇ ಇರುತ್ತದೆ, ತುದಿ ಮಾತ್ರ ಚಿಗುರುತ್ತಾ ಹೋಗುತ್ತದೆ, ಒಂದು ಕಡೆ ಹೂ ಇದ್ದರೆ ಇನ್ನೊಂದು ಕಡೆ ಹಣ್ಣು. ಹಾಗಾದರೆ ಕೊಯ್ಲು ಮಾಡುವುದು ಹೇಗೆ? ಅದಕ್ಕೇ ಇಲ್ಲಿ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತೇವೆ. ವಿಜಯಪುರದ ಕಡೆ ಇದನ್ನು ಚಾಟ್ನಿ ಅನ್ನುತ್ತಾರೆ. ಕೊಯ್ಲು ಮುಗಿದ ಮೇಲೆ ಏಪ್ರಿಲ್ ಹೊತ್ತಿಗೆ ಮೊದಲನೆಯದು, ಬುಡದ ಹತ್ತಿರ ಒಂದೆರಡು ಕಣ್ಣು ಬಿಟ್ಟು ಎಲ್ಲ ಕತ್ತರಿಸುವುದು. ಅದರಿಂದ ಹಣ್ಣು ಬರುವುದಿಲ್ಲ, ಬರೀ ಕಡ್ಡಿ ಬರುತ್ತದೆ. ಆ ಎಳೆ ಕಡ್ಡಿಯ ಕಣ್ಣಿನೊಳಗೆ ಬೇಸಿಗೆಯ ಬಿಸಿಲಿನಲ್ಲಿ ಮುಂದಿನ ಗೊಂಚಲು ಗುಟ್ಟಾಗಿ ಹುಟ್ಟಿಕೊಳ್ಳುತ್ತದೆ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಎರಡನೆಯ ಕತ್ತರಿ. ಗೊಂಚಲು ಇರುವ ಕಣ್ಣನ್ನು ತುದಿಗೆ ಬರುವಂತೆ ಕಡ್ಡಿ ಕತ್ತರಿಸಿ, ಆ ಕಣ್ಣಿಗೆ ಹೈಡ್ರೋಜನ್ ಸಯನಮೈಡ್ ಅನ್ನುವ ರಾಸಾಯನಿಕ ಸವರುತ್ತಾರೆ. ಅದು ನಿದ್ದೆ ಇಲ್ಲದ ಬಳ್ಳಿಯನ್ನು ನಿದ್ದೆಯಿಂದ ಎದ್ದಂತೆ ಚಿಗುರಿಸುತ್ತದೆ. ಅಲ್ಲಿಂದ ತಳಿಗೆ ತಕ್ಕಂತೆ 130–150 ದಿನಕ್ಕೆ ಕೊಯ್ಲು.

ಅಪ್ಪನಿಗೆ ಇದು ಹೊಸದಲ್ಲ. ನಮ್ಮ ದ್ರಾಕ್ಷಿ ರೈತರಿಗೆ ಕತ್ತರಿ ಕೈವಶ. ಬ್ಲೂ ಬಳ್ಳಿಯಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆಯುವುದನ್ನು ಅವರೇ ಕಲಿತಿದ್ದರು. ಫ್ರೆಂಚ್ ತಜ್ಞರಿಗೆ ಗೊತ್ತಿಲ್ಲದ ಅರ್ಧ ಪಾಠ ಇಲ್ಲಿನ ಕೂಲಿಯವರ ಬೆರಳಲ್ಲಿತ್ತು. ಇಲ್ಲಿನವರಿಗೆ ಗೊತ್ತಿಲ್ಲದಿದ್ದ ಇನ್ನರ್ಧ ಏನೆಂದರೆ, ಬಿಟ್ಟ ಗೊಂಚಲನ್ನು ಕತ್ತರಿಸಿ ನೆಲಕ್ಕೆ ಹಾಕುವುದು.

ನಾನು ವೈನ್ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಡಿಸೆಂಬರ್‌ನ ಒಂದು ಬೆಳಿಗ್ಗೆ, ಶಿರಾಜ್ ಅನ್ನುವ ಕೆಂಪು ವೈನ್ ದ್ರಾಕ್ಷಿಯ ಸಾಲಿನಲ್ಲಿ ಹಸಿರು ಗೊಂಚಲು ಉದುರಿಸುವ ಕೆಲಸ ನಡೆದಿತ್ತು. ಒಂದು ಕಡ್ಡಿಗೆ ಒಂದೇ ಗೊಂಚಲು ಬಿಡಿ ಅಂತ ಹೇಳಿದ್ದೆ. ಚಿಕ್ಕಬಳ್ಳಾಪುರದ ಕಡೆಯ ಒಬ್ಬ ಹೆಂಗಸು, ನನ್ನ ಅಮ್ಮನ ವಯಸ್ಸು, ಕತ್ತರಿ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ, "ಇದು ಪಾಪ ಕಣಪ್ಪ" ಅಂದರು. ಕೊನೆಗೆ ಕತ್ತರಿಸಿದರು, ಆದರೆ ಕೆಳಗೆ ಬೀಳಲು ಬಿಡಲಿಲ್ಲ, ಒಂದೊಂದನ್ನೂ ಸೆರಗಿಗೆ ಹಾಕಿಕೊಂಡರು. ಮೂರು ತಿಂಗಳ ಮೇಲೆ, ಕೊಯ್ಲಿನ ಹಿಂದಿನ ದಿನ, ಅದೇ ಸಾಲಿನ ಒಂದು ಹಣ್ಣನ್ನೂ, ನಾವು ಪರೀಕ್ಷೆಗೆ ಅಂತ ಉದುರಿಸದೆ ಬಿಟ್ಟಿದ್ದ ಪಕ್ಕದ ಸಾಲಿನ ಒಂದು ಹಣ್ಣನ್ನೂ ಅವರ ಕೈಗೆ ಕೊಟ್ಟೆ. ಎರಡನ್ನೂ ತಿಂದು, ಮೊದಲನೆಯದರ ಬೀಜವನ್ನು ಅಂಗೈಯಲ್ಲಿಟ್ಟು ನೋಡಿದರು. ಅದು ಕಂದಾಗಿತ್ತು, ಕಚ್ಚಿದರೆ ಹುರಿಗಡಲೆ ಥರ ಕಟುಂ ಅನ್ನುತ್ತಿತ್ತು. ಎರಡನೆಯದರ ಬೀಜ ಇನ್ನೂ ಹಸಿರು, ನಾಲಿಗೆಯನ್ನು ಒಗರು ಹಿಡಿಸುವಂಥದ್ದು. ಅವರು ಏನೂ ಹೇಳಲಿಲ್ಲ. ಮುಂದಿನ ವರ್ಷ ಮಾತ್ರ ಬೇರೆಯವರಿಗೆ ಗೊಂಚಲು ಉದುರಿಸುವುದನ್ನು ಹೇಳಿಕೊಟ್ಟವರು ಅವರೇ.

ಬಳ್ಳಿಯ ಹತ್ತಿರ ಇರುವ ಶಕ್ತಿ ಇಷ್ಟೇ. ಅದನ್ನು ಹದಿನೈದು ಗೊಂಚಲಿಗೆ ಹಂಚಬಹುದು, ನಲವತ್ತಕ್ಕೂ ಹಂಚಬಹುದು. ತಿನ್ನುವ ದ್ರಾಕ್ಷಿಯಲ್ಲಿ ಎಕರೆಗೆ 10 ಟನ್ ದಾಟಿದರೆ ಊರಲ್ಲಿ ಹೆಸರು. ಒಳ್ಳೆ ಕೆಂಪು ವೈನಿಗೆ ನಾವು ಎಕರೆಗೆ 3–4 ಟನ್‌ಗೆ ನಿಲ್ಲಿಸಿ ಅನ್ನುತ್ತೇವೆ. ಹಣ್ಣು ಚಿಕ್ಕದಿರಬೇಕು, ತೊಗಲು ದಪ್ಪ ಇರಬೇಕು, ಯಾಕೆಂದರೆ ಕೆಂಪು ವೈನಿನ ಬಣ್ಣ, ಒಗರು, ಪರಿಮಳದಲ್ಲಿ ಬಹುಪಾಲು ಬರುವುದು ತೊಗಲಿನಿಂದ. ಕೊಯ್ಲಿಗೆ ಮುಂಚೆ ನೀರನ್ನೂ ಕಮ್ಮಿ ಮಾಡುತ್ತೇವೆ. ಉಬ್ಬಿದ ಹಣ್ಣು, ತೆಳು ತೊಗಲು, ನೀರು ನೀರು ರಸ ಇದ್ದರೆ ವೈನರಿಯಲ್ಲಿ ಎಂಥ ಮಹಾ ತಜ್ಞ ಕೂತಿದ್ದರೂ ಏನೂ ಮಾಡಲು ಆಗುವುದಿಲ್ಲ.

ಇದನ್ನು ನಮ್ಮ ಕಡೆ ನೆಲೆಗೊಳಿಸಿದವರಲ್ಲಿ ಹೊರಗಿನವರೂ ಇದ್ದರು, ನಮ್ಮವರೂ ಇದ್ದರು. 1990ರ ದಶಕದ ನಡುವಿನಲ್ಲಿ ಗ್ರೋವರ್ ಅವರು ಬೋರ್ಡೋ ಪ್ರದೇಶದ ಮಿಷೆಲ್ ರೋಲಾನ್ ಅವರನ್ನು ಸಲಹೆಗಾರರಾಗಿ ಕರೆತಂದರು. ಜಗತ್ತಿನ ದೊಡ್ಡ ದೊಡ್ಡ ವೈನರಿಗಳಿಗೆ ಸಲಹೆ ಕೊಡುವ ಮನುಷ್ಯ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಬಂದು ಸಾಲು ಸಾಲು ನಡೆದು ಹಣ್ಣು ಚೀಪಿ ನೋಡುವುದು ಆ ಕಾಲಕ್ಕೆ ಸಣ್ಣ ವಿಷಯವಲ್ಲ. ಆದರೆ ಸಲಹೆಗಾರರು ವರ್ಷಕ್ಕೆ ಕೆಲವು ದಿನ ಬಂದು ಹೋಗುತ್ತಾರೆ. ಉಳಿದ ದಿನ ಟ್ಯಾಂಕಿನ ಹತ್ತಿರ ನಿಂತವರು ಅಭಯ್ ಕೇವಾಡ್ಕರ್ ಅವರಂಥವರು. ಕ್ಯಾಬರ್ನೆ ಸಾವಿನ್ಯೋ ಮತ್ತು ಶಿರಾಜ್ ಅನ್ನುವ ಎರಡು ದ್ರಾಕ್ಷಿ ಸೇರಿಸಿ ಮಾಡಿದ, ಓಕ್ ಪೀಪಾಯಿಯಲ್ಲಿ ಹಣ್ಣಾದ ಲಾ ರಿಸರ್ವ್ ಅನ್ನುವ ಕೆಂಪು ವೈನ್ ಆ ದಿನಗಳದ್ದು. ಭಾರತದ ಕೆಂಪು ವೈನ್ ಅಂದರೆ ಹೊರದೇಶದವರೂ ಒಮ್ಮೆ ತಿರುಗಿ ನೋಡುವ ಹಾಗೆ ಮಾಡಿದ ಬಾಟಲಿ ಅದು. ಆಮೇಲೆ ಕನ್ವಲ್ ಅವರ ಮಗ ಕಪಿಲ್ ಗ್ರೋವರ್ ಕಂಪನಿ ನಡೆಸಿದರು, ಮೊಮ್ಮಗಳು ಕರಿಷ್ಮಾ ಗ್ರೋವರ್ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ವೈನ್ ವಿದ್ಯೆ ಓದಿ ಬಂದು ತಾವೇ ವೈನ್ ಮಾಡಿದರು. 2012ರಲ್ಲಿ ನಾಸಿಕ್ ಕಡೆಯ ಝಂಪಾ ಜೊತೆ ಸೇರಿ ಕಂಪನಿ ಗ್ರೋವರ್ ಝಂಪಾ ಆಯಿತು.

ಸರ್ಕಾರ ಬಂದಿದ್ದು ಇದೆಲ್ಲ ಆದ ಮೇಲೆ. ಮಹಾರಾಷ್ಟ್ರ 2001ರಲ್ಲೇ ವೈನ್ ನೀತಿ ಮಾಡಿತು, ನಾಸಿಕ್ ಓಡಲು ಶುರು ಮಾಡಿತು. ಕರ್ನಾಟಕದ ನೀತಿ ಬಂದಿದ್ದು 2007ರಲ್ಲಿ. ಮುಖ್ಯ ವಿಷಯ ಏನೆಂದರೆ, ಅಲ್ಲಿಯವರೆಗೆ ವೈನು ಬ್ರಾಂದಿ, ವಿಸ್ಕಿಯ ಜೊತೆ ಒಂದೇ ಬುಟ್ಟಿಯಲ್ಲಿತ್ತು. ನೀತಿ ಬಂದ ಮೇಲೆ ಅದನ್ನು ರೈತನ ಬೆಳೆಯಿಂದ ಆದ ಪದಾರ್ಥ ಅಂತ ಬೇರೆಯಾಗಿ ನೋಡಲು ಶುರು ಮಾಡಿದರು, ವೈನರಿ ಲೈಸೆನ್ಸ್ ಸಲೀಸಾಯಿತು, ತೋಟಗಾರಿಕೆ ಇಲಾಖೆಯ ಅಡಿಯಲ್ಲಿ ದ್ರಾಕ್ಷಾರಸ ಮಂಡಳಿ ಬಂತು. ಬೆಂಗಳೂರಿನಲ್ಲಿ ವೈನ್ ಮೇಳಗಳು ನಡೆದವು. ಅಲ್ಲಿ ಮೊದಲ ಸಲ ವೈನ್ ಗ್ಲಾಸ್ ಹಿಡಿದು ಮುಜುಗರದಿಂದ ಮೂಸಿ ನೋಡಿದ ಎಷ್ಟೋ ಗಂಡ ಹೆಂಡತಿಯರನ್ನು ನಾನೇ ನೋಡಿದ್ದೇನೆ. ಅದು ಒಳ್ಳೆಯದೇ ಆಯಿತು.

ನಂದಿ ಕಣಿವೆ, ಕೃಷ್ಣಾ ಕಣಿವೆ ಅಂತ ವೈನ್ ಪ್ರದೇಶ ಗುರುತಿಸಿದ್ದೂ ಆ ನೀತಿಯೇ. ಆಮೇಲೆ ಬಂದವರಲ್ಲಿ ನಂದಿ ಕಡೆಯ ಎಸ್‌ಡಿಯು, ಜಾನ್ ಡಿಸ್ಟಿಲರೀಸ್‌ನವರ ಬಿಗ್ ಬನಿಯನ್, ಕಾವೇರಿಯ ಕಡೆ ತಿರುಮಕೂಡಲು ನರಸೀಪುರದ ಹತ್ತಿರದ ಆಲ್ಪೈನ್ ಇವರೆಲ್ಲ ಇದ್ದಾರೆ. ನಾಸಿಕ್‌ನ ಸುಲಾ ಕೂಡ ಈಗ ಚನ್ನಪಟ್ಟಣದ ಹತ್ತಿರ ವೈನರಿ ನಡೆಸುತ್ತಿದೆ. ನನಗೆ ಬಹಳ ಇಷ್ಟವಾದ ಪ್ರಯತ್ನ ಮಾತ್ರ ಬೆಂಗಳೂರಿನಿಂದ ದೂರ, ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯದು. ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಅಲ್ಲಿ ಕರ್ಸ್ಮಾ ಅನ್ನುವ ತೋಟ ಮಾಡಿದ್ದಾರೆ. ಇಬ್ಬರೂ ಏಳು ಖಂಡಗಳಲ್ಲಿ ಮ್ಯಾರಥಾನ್ ಓಡಿದವರು. ಹಂಪಿ ಸೀಮೆಯ ಬಿಸಿಲಿನಲ್ಲಿ, ಕಲ್ಲು ನೆಲದಲ್ಲಿ ಕ್ಯಾಬರ್ನೆ ಬೆಳೆಯುವುದಕ್ಕೂ ಆ ದಮ್ಮೇ ಬೇಕು. ಬಂದ ಹಣ್ಣನ್ನೆಲ್ಲ ಬಾಟಲಿಗೆ ತುಂಬುವ ಆಸೆ ಅಲ್ಲಿ ಕಾಣುವುದಿಲ್ಲ. ಕಮ್ಮಿ ಮಾಡುತ್ತಾರೆ, ಚೆನ್ನಾಗಿ ಮಾಡುತ್ತಾರೆ.

ಇಷ್ಟೆಲ್ಲ ಓದಿದ ಮೇಲೆ ನಿಮಗೆ ಇನ್ನೂ ಆಸೆ ಜಾಸ್ತಿ ಆಗಿರಬಹುದು. ಹಾಗಾಗಿ ಈಗ ಕಷ್ಟದ ಭಾಗ.

ಚಿಕ್ಕಬಳ್ಳಾಪುರದ ಕಡೆ ನನಗೆ ಬಹಳ ಬೇಕಾದ ಒಬ್ಬ ರೈತರಿದ್ದಾರೆ. ನೀತಿ ಬಂದ ಹುಮ್ಮಸ್ಸಿನಲ್ಲಿ ಅವರು ಬ್ಲೂ ಕಿತ್ತು ನಾಲ್ಕು ಎಕರೆ ಶಿರಾಜ್ ಹಾಕಿದರು. ಒಂದು ವೈನರಿಯವರು ಬಾಯಿ ಮಾತಿನಲ್ಲಿ ಎಲ್ಲ ಕೊಳ್ಳುತ್ತೇವೆ ಅಂದಿದ್ದರು. ಹಾಕಿ ಅಂತ ಹೇಳಿದವರಲ್ಲಿ ನಾನೂ ಒಬ್ಬ. ಸಸಿ, ಕಲ್ಲು ಕಂಬ, ತಂತಿ, ಡ್ರಿಪ್ ಎಲ್ಲಕ್ಕೂ ಸಾಲ. ವೈನ್ ದ್ರಾಕ್ಷಿಯ ಮೊದಲ ಸರಿಯಾದ ಬೆಳೆ ಬರುವುದು ಮೂರನೇ ವರ್ಷಕ್ಕೆ. ಅಷ್ಟರಲ್ಲಿ 2008ರ ಕೊನೆ ಬಂತು. ಜಗತ್ತಿನ ಆರ್ಥಿಕ ಕುಸಿತ, ಮುಂಬೈ ದಾಳಿ, ಪ್ರವಾಸಿಗರಿಲ್ಲದ ಹೋಟೆಲುಗಳು, ದೇಶದ ವೈನ್ ಮಾರಾಟ ಧೊಪ್ ಅಂತ ಕೆಳಗೆ ಬಿತ್ತು, ಟ್ಯಾಂಕುಗಳಲ್ಲಿ ಹಳೇ ವೈನ್ ತುಂಬಿಕೊಂಡಿತ್ತು. ಮೊದಲ ಕೊಯ್ಲು ಬಂದಾಗ ವೈನರಿಯವರು ಅವರ ಹಣ್ಣಿನಲ್ಲಿ ಅರ್ಧವನ್ನಷ್ಟೇ ಕೊಂಡರು. ಉಳಿದಿದ್ದನ್ನು ಏನು ಮಾಡುವುದು? ಶಿರಾಜ್ ಹಣ್ಣು ಚಿಕ್ಕದು, ಬೀಜ ತುಂಬಿದ್ದು, ತೊಗಲು ದಪ್ಪ. ಮಾರುಕಟ್ಟೆಯಲ್ಲಿ ತಿನ್ನಲು ಯಾರೂ ಕೇಳುವುದಿಲ್ಲ. ಬ್ಲೂ ಆಗಿದ್ದರೆ ಜ್ಯೂಸಿನವರಾದರೂ ಸಿಗುತ್ತಿದ್ದರು. ಮರು ವರ್ಷ ಅವರು ಎಲ್ಲ ಕಿತ್ತು ಹಾಕಿದರು. ನಾನು ಆ ದಿನ ತೋಟಕ್ಕೆ ಹೋಗಿದ್ದೆ. ಆ ದಿನದಿಂದ, ಕಾಗದದ ಮೇಲೆ ಒಪ್ಪಂದ ಇಲ್ಲದೆ ಯಾರಿಗೂ ವೈನ್ ದ್ರಾಕ್ಷಿ ಹಾಕಿ ಅಂತ ನಾನು ಹೇಳಿಲ್ಲ.

ಬ್ಲೂಗೂ ಕಷ್ಟ ಬರುವುದಿಲ್ಲ ಅಂತ ಅಲ್ಲ. 2020ರ ಲಾಕ್‌ಡೌನ್ ಸಮಯದಲ್ಲಿ ನಿಮ್ಮ ಸುತ್ತಮುತ್ತಲೇ ದ್ರಾಕ್ಷಿ ಚಪ್ಪರದಲ್ಲೇ ಕೊಳೆತಿದ್ದು ಅಪ್ಪನಿಗೆ ನೆನಪಿರುತ್ತದೆ. ಆದರೂ ಬ್ಲೂಗೆ ನಾಲ್ಕು ಬಾಗಿಲು ಇವೆ, ವೈನ್ ದ್ರಾಕ್ಷಿಗೆ ಇರುವುದು ಒಂದೇ ಬಾಗಿಲು.

ರೋಗದ ಮಾತೂ ಇದೆ. ನಾಸಿಕ್‌ನಲ್ಲಿ ಸೆಪ್ಟೆಂಬರ್ ಕಳೆದರೆ ಮಳೆ ಹೆಚ್ಚುಕಮ್ಮಿ ಮುಗಿದ ಹಾಗೆ. ನಮಗೆ ಹಾಗಲ್ಲ. ಬೆಂಗಳೂರಿನಲ್ಲಿ ಸೆಪ್ಟೆಂಬರ್‌ನಲ್ಲೇ ಜೋರು ಮಳೆ, ಅದು ಮುಗಿಯುವ ಮೊದಲೇ ಹಿಂಗಾರು, ನವೆಂಬರ್‌ನಲ್ಲಿ ಒಂದು ವಾಯುಭಾರ ಕುಸಿತ ಬಂದರೆ ನಾಲ್ಕು ದಿನ ಜಿಟಿಜಿಟಿ. ಹೂ ಬಿಡುವ ಹೊತ್ತು ಸರಿಯಾಗಿ ಅದೇ. ಡೌನಿ ಅನ್ನುವ ಬೂಜು ರೋಗ ಎಲೆಯ ಕೆಳಗೆ ಬಿಳಿ ಹಿಟ್ಟು ಸವರಿದ ಹಾಗೆ ಬಂದು ಎರಡೇ ದಿನದಲ್ಲಿ ಹೂ ಗೊಂಚಲನ್ನು ಕಪ್ಪಾಗಿಸುತ್ತದೆ. ಬ್ಲೂಗೂ ಇದು ಬರುತ್ತದೆ, ಕ್ಯಾಬರ್ನೆ, ಶಿರಾಜ್ ಅಂತೂ ತಡೆಯುವುದೇ ಇಲ್ಲ. ನೀವು ಯಲಹಂಕದಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದರೆ ಆ ಎರಡು ದಿನ ತೋಟದಲ್ಲಿ ಯಾರಿರುತ್ತಾರೆ? ಅಪ್ಪ ಇರುತ್ತಾರೆ. ಅವರಿಗೆ ಇಷ್ಟ ಇಲ್ಲದ ಬೆಳೆಯನ್ನು ಅವರ ಕೈಯಲ್ಲಿ ಕಾಯಿಸಲು ಆಗುವುದಿಲ್ಲ. ನೀರಿನ ಲೆಕ್ಕ ನಾನು ಹೇಳಬೇಕಿಲ್ಲ, ನಿಮ್ಮ ಬೋರ್‌ವೆಲ್ ಎಷ್ಟು ಅಡಿಗೆ ಹೋಗಿದೆ ಅಂತ ನಿಮಗೇ ಗೊತ್ತು.

ಸ್ವಂತ ವೈನರಿ ಮಾಡುವ ಯೋಚನೆ ಇದ್ದರೆ ಅದನ್ನು ಸದ್ಯಕ್ಕೆ ಬದಿಗಿಡಿ. ನಾನು ಹಿಂದೆ ಕೆಲಸ ಮಾಡಿದ ಒಂದು ಸಣ್ಣ ವೈನರಿಯಲ್ಲಿ ಒಂದು ರಾತ್ರಿ ಕರೆಂಟ್ ಹೋಗಿ, ಜನರೇಟರ್ ಕೂಡ ಕೈಕೊಟ್ಟು, ಟ್ಯಾಂಕನ್ನು ತಂಪಾಗಿಡುವ ಚಿಲ್ಲರ್ ನಿಂತಿತು. ಬಿಳಿ ವೈನನ್ನು 15–16 ಡಿಗ್ರಿ ತಂಪಿನಲ್ಲಿ ನಿಧಾನವಾಗಿ ಹುದುಗಿಸಬೇಕು. ಈಸ್ಟ್ ತಾನೇ ಬಿಸಿ ಮಾಡುತ್ತದೆ, ತಂಪು ತಪ್ಪಿದರೆ ಅದು ಇನ್ನೂ ಜೋರಾಗಿ ಕೆಲಸ ಮಾಡಿ ಇನ್ನೂ ಬಿಸಿ ಮಾಡುತ್ತದೆ. ಬೆಳಗಿನ ಜಾವ ನಾನು ಟ್ಯಾಂಕಿನ ಮೇಲೆ ಕೈ ಇಟ್ಟಾಗ ಸ್ಟೀಲ್ ಬೆಚ್ಚಗಿತ್ತು. ಸೀಬೆ ಹಣ್ಣಿನ ಪರಿಮಳ ಬರಬೇಕಿದ್ದ ಕಡೆ ಬೇಯಿಸಿದ ಹಣ್ಣಿನ ವಾಸನೆ. ಒಂದು ವರ್ಷ ಕಾದ ಬೆಳೆ ಒಂದೇ ರಾತ್ರಿಯಲ್ಲಿ ಹೋಯಿತು. ಕೈಯಲ್ಲಿ ಎರಡು ವರ್ಷದ ನಷ್ಟ ತಡೆಯುವ ದುಡ್ಡು ಇಲ್ಲದವರಿಗೆ ವೈನರಿ ಬೇಡ.

ಹಾಗಾದರೆ ಏನು ಮಾಡಬಹುದು? ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡೂವರೆ ಎಕರೆ ಬ್ಲೂ ಹಾಗೇ ಉಳಿಸಿಕೊಂಡು, ಇಳಿಜಾರಿನ ಕಡೆ ಅರ್ಧ ಎಕರೆ ಮಾತ್ರ ತೆಗೆಯುತ್ತಿದ್ದೆ. ಅದೂ ಒಂದು ವೈನರಿಯ ಜೊತೆ ಮಾತಾಡಿ, ಅವರಿಗೆ ಯಾವ ತಳಿ ಬೇಕು, ಎಷ್ಟು ಬ್ರಿಕ್ಸ್‌ಗೆ ಏನು ಬೆಲೆ, ಕೊಳ್ಳದಿದ್ದರೆ ಏನು ಪರಿಹಾರ ಅಂತ ಎಲ್ಲ ಬರೆಸಿಕೊಂಡ ಮೇಲೆ. ಚಪ್ಪರ ಬೇಡ, ನೇರ ತಂತಿ ಸಾಲು ಮಾಡಿ, ಗೊಂಚಲಿಗೆ ಗಾಳಿ ಬೆಳಕು ಬೀಳಬೇಕು. ಸಸಿ ಮಾತ್ರ ಡಾಗ್‌ರಿಡ್ಜ್ ಅಥವಾ 110ಆರ್ ಥರದ ಗಟ್ಟಿ ಬೇರುಬುಡದ ಮೇಲೆ ಕಸಿ ಮಾಡಿದ್ದೇ ಆಗಿರಲಿ. ಮಣ್ಣು ಮತ್ತು ನೀರು ಎರಡನ್ನೂ ಮೊದಲೇ ಪರೀಕ್ಷೆ ಮಾಡಿಸಿ.

ಇನ್ನೊಂದು ದಾರಿಯೂ ಇದೆ, ಅದರ ಬಗ್ಗೆ ನಮ್ಮಲ್ಲಿ ಮಾತು ಕಮ್ಮಿ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಂಗಳೂರು ಬ್ಲೂವನ್ನೇ ತಾಯಿಯಾಗಿಟ್ಟುಕೊಂಡು ಹೊಸ ತಳಿಗಳನ್ನು ಮಾಡಿದ್ದಾರೆ. ಬ್ಲೂ ಮತ್ತು ಬ್ಲ್ಯಾಕ್ ಚಂಪಾ ಸೇರಿ ಅರ್ಕಾ ಶ್ಯಾಮ್, ಬ್ಲೂ ಮತ್ತು ಕಾನ್ವೆಂಟ್ ಲಾರ್ಜ್ ಬ್ಲ್ಯಾಕ್ ಸೇರಿ ಅರ್ಕಾ ತೃಷ್ಣಾ. ವೈನಿಗೂ ಆಗುವಂಥ ತಳಿಗಳು ಅವು. ನಮ್ಮ ಮಣ್ಣಿನ ಗಟ್ಟಿತನವನ್ನೂ ವೈನಿಗೆ ಬೇಕಾದ ಗುಣವನ್ನೂ ಒಂದೇ ಬಳ್ಳಿಯಲ್ಲಿ ಕೂಡಿಸುವ ಕೆಲಸ ನಿಮ್ಮ ಮನೆಯಿಂದ ಗಂಟೆಯೊಳಗಿನ ದಾರಿಯಲ್ಲೇ ನಡೆದಿದೆ. ದೊಡ್ಡ ವೈನರಿಗಳು ಇವುಗಳ ಕಡೆ ಸರಿಯಾಗಿ ತಿರುಗಿ ನೋಡಿಲ್ಲ. ಬಾಟಲಿಯ ಮೇಲೆ ಫ್ರೆಂಚ್ ಹೆಸರಿದ್ದರೆ ಮಾರುವುದು ಸುಲಭ, ನಿಜ. ಆದರೂ ಇದು ತಪ್ಪು ಅಂತ ನಾನು ಹೋದ ಕಡೆಯೆಲ್ಲ ಹೇಳುತ್ತಲೇ ಬಂದಿದ್ದೇನೆ. ಒಂದು ಶನಿವಾರದ ಬದಲು ಕೆಲಸದ ದಿನವೇ ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಹೆಸರಘಟ್ಟಕ್ಕೆ ಹೋಗಿ ಬನ್ನಿ.

ಮತ್ತೆ ಈ ಸಲದ ಬೆಳೆಯಲ್ಲೇ ಒಂದು ಪ್ರಯೋಗ ಮಾಡಿ. ಅಪ್ಪನ ಹತ್ತಿರ ಒಂದೇ ಒಂದು ಸಾಲು ಕೇಳಿ ತೆಗೆದುಕೊಳ್ಳಿ. ಕಾಯಿ ಬಟಾಣಿ ಗಾತ್ರ ಆದಾಗ ಅದರಲ್ಲಿ ಅರ್ಧ ಗೊಂಚಲು ಉದುರಿಸಿ. ಅಪ್ಪ ಬೈಯಬಹುದು, ತಡೆದುಕೊಳ್ಳಿ. ಹಣ್ಣು ಬಣ್ಣ ತಿರುಗಿದ ಮೇಲೆ ಆ ಸಾಲಿಗೆ ನೀರು ಕಮ್ಮಿ ಮಾಡಿ. ರಸ ಹಾಕಿ ಬೆಳಕಿಗೆ ಹಿಡಿದು ನೋಡುವ ಕೈ ಗಾತ್ರದ ಬ್ರಿಕ್ಸ್ ಮೀಟರ್ ಅಂಗಡಿಯಲ್ಲಿ ಸಿಗುತ್ತದೆ, ಒಂದು ಕೊಳ್ಳಿ. ವಾರಕ್ಕೊಮ್ಮೆ ಆ ಸಾಲಿನ ಹತ್ತು ಹಣ್ಣು, ಪಕ್ಕದ ಸಾಲಿನ ಹತ್ತು ಹಣ್ಣು ಹಿಂಡಿ, ಎರಡರ ಅಳತೆಯನ್ನೂ ತಾರೀಖಿನ ಸಮೇತ ಬರೆದಿಡಿ, ಬೀಜದ ಬಣ್ಣವನ್ನೂ ಬರೆಯಿರಿ. ಕೊಯ್ಲಾದ ಮೇಲೆ ಆ ಪುಸ್ತಕ ನನಗೆ ಕಳಿಸಿ. ಯಾವ ತಳಿ, ಎಷ್ಟು ಜಾಗ, ಯಾರ ಜೊತೆ ಒಪ್ಪಂದ ಅನ್ನುವುದನ್ನು ಅದನ್ನು ಮುಂದಿಟ್ಟುಕೊಂಡೇ ಮಾತಾಡೋಣ.